ಬ್ಲ್ಯಾಕ್ ರಾಕ್‌ಗೆ ಹೊರಟವರಿಗೆ

ಪ್ರಿಯ ಸದಸ್ಯರೇ,

ಈ ಆಗಸ್ಟ್ ಕೊನೆಗೆ ನಮ್ಮ ಕೂಟದ ಕೆಲವರು ಒಟ್ಟಾಗಿ ನೆವಾಡಾದ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಹೊರಟಿದ್ದಾರೆ. ಟಿಕೆಟ್ ಆಗಿದೆ, ಗಾಡಿಯ ಪಾಸೂ ಆಗಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಟ್ಟೆ, ಟೆಂಟು, ಸೈಕಲ್ ದೀಪದ ಮಾತು ಜೋರಾಗಿ ನಡೆದಿದೆ. ವಾಪಸ್ ಬರೋದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಟ್ಟಿಲ್ಲ. ಅದಕ್ಕೇ ಈ ಸಲ ಇಲ್ಲಿ ಅದನ್ನೇ ಬರೆಯುತ್ತಿದ್ದೇನೆ.

1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೇಕರ್ ಬೀಚಿನಲ್ಲಿ ಲ್ಯಾರಿ ಹಾರ್ವಿ, ಜೆರ್ರಿ ಜೇಮ್ಸ್ ಮತ್ತು ಕೆಲವು ಗೆಳೆಯರು ಮರದ ಮನುಷ್ಯನೊಬ್ಬನನ್ನು ಸುಟ್ಟರು. 1990ರಲ್ಲಿ ಅದು ಬ್ಲ್ಯಾಕ್ ರಾಕ್ ಮರುಭೂಮಿಗೆ ಹೋಯಿತು. ಈಗ ಅಲ್ಲಿ ಸುಮಾರು 70,000 ಜನ ಸೇರಿ ತಾತ್ಕಾಲಿಕ ಊರೊಂದನ್ನು ಕಟ್ಟುತ್ತಾರೆ. ಉತ್ಸವ ಮುಗಿದ ಮೇಲೆ ಆ ಊರೇ ಇರುವುದಿಲ್ಲ.

ಆ ಜಾಗ ಲಹೊಂಟನ್ ಎಂಬ ಪುರಾತನ ಸರೋವರದ ಒಣಗಿದ ತಳ. ನೆಲ ಚಪ್ಪಟೆ, ಧೂಳು ಕ್ಷಾರದ್ದು. ಬರಿಗಾಲಲ್ಲಿ ಓಡಾಡಿದರೆ ಪಾದ ಒಡೆದು ಉರಿಯುತ್ತದೆ. ರಾತ್ರಿ ಮಲಗುವ ಮುಂಚೆ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಕಾಲು ಒರೆಸಿಕೊಳ್ಳಿ. ಗಾಳಿ ಎದ್ದರೆ ಪಕ್ಕದ ಟೆಂಟೂ ಕಾಣೋದಿಲ್ಲ. ಕನ್ನಡಕ, ಮಾಸ್ಕ್ ಸದಾ ಹತ್ತಿರ ಇರಲಿ.

ಅಲ್ಲಿ ಐಸ್ ಬಿಟ್ಟರೆ ದುಡ್ಡು ಕೊಟ್ಟು ಕೊಳ್ಳುವಂಥದ್ದು ಬಹುತೇಕ ಏನೂ ಇಲ್ಲ. ತಲೆಗೆ ದಿನಕ್ಕೆ ಒಂದೂವರೆ ಗ್ಯಾಲನ್ ನೀರು ಬೇಕು. ನಾಲ್ಕು ಜನಕ್ಕೆ ಎಂಟು ದಿನಕ್ಕೆ 48 ಗ್ಯಾಲನ್, ಅಂದರೆ ಸುಮಾರು 180 ಕಿಲೋ. ಗಾಡಿ ಬುಕ್ ಮಾಡುವ ಮೊದಲೇ ಈ ಲೆಕ್ಕ ಹಾಕಿ. ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಚೆಲ್ಲುವ ಹಾಗಿಲ್ಲ. ಅದನ್ನೂ ಕ್ಯಾನಿಗೆ ತುಂಬಿ ವಾಪಸ್ ತರಬೇಕು. ಹಾಗಾಗಿ ಖಾಲಿ ಕ್ಯಾನುಗಳನ್ನು ಎಸೆಯಬೇಡಿ.

ಬಂದವರಿಗೆಲ್ಲ ಚುರುಮುರಿ ಹಂಚೋಣ ಅಂತ ಹುಡುಗರು ಆಸೆ ಪಟ್ಟಿದ್ದಾರೆ. ಹಂಚುವುದು ಅಲ್ಲಿನ ಪದ್ಧತಿ, ಯೋಚನೆ ಚೆನ್ನಾಗಿದೆ. ಆದರೆ ಆ ಗಾಳಿಯಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚಿದರೆ ಅರ್ಧ ಹಾರಿಹೋಗುತ್ತದೆ. ಬಿದ್ದ ಪ್ರತಿ ಕಾಳನ್ನೂ ನಾವೇ ಹೆಕ್ಕಬೇಕು. ಅದರ ಬದಲು ಕೋಡುಬಳೆ ಕೊಡಿ. ನಿಮ್ಮ ಅಡುಗೆಗೆ ಈರುಳ್ಳಿ ಮನೆಯಲ್ಲೇ ಹೆಚ್ಚಿ, ಸಿಪ್ಪೆ ಇಲ್ಲೇ ಬಿಟ್ಟು ಹೋಗಿ. ಅವಲಕ್ಕಿ, ಚಪಾತಿ, ಚಟ್ನಿಪುಡಿ ಇದ್ದರೆ ಪಾತ್ರೆ ತೊಳೆಯುವ ನೀರೂ ಉಳಿಯುತ್ತದೆ.

ಕಸದ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ದಾರಿಯೂ ಒಂದು ಕಾರಣ. ಐ-80 ಹೆದ್ದಾರಿ ಬಿಟ್ಟು ವಾಡ್ಸ್‌ವರ್ತ್ ಹತ್ತಿರ 447ನೇ ಹೆದ್ದಾರಿ ಹಿಡಿದರೆ ಉತ್ಸವದ ಜಾಗಕ್ಕೆ ಹತ್ತಿರದ ಊರಾದ ಗರ್ಲಾಕ್‌ವರೆಗೆ ಸುಮಾರು 75 ಮೈಲಿ, ಎರಡೇ ಲೇನು. ಅದರಲ್ಲಿ ದೊಡ್ಡ ಭಾಗ ಪಿರಮಿಡ್ ಲೇಕ್ ಪಾಯೂಟ್ ಎಂಬ ಅಮೆರಿಕದ ಮೂಲನಿವಾಸಿ ಜನರ ನೆಲ. ಅವರ ಮನೆ, ಮಕ್ಕಳು ರಸ್ತೆ ಪಕ್ಕದಲ್ಲೇ. ನಿಕ್ಸನ್ ಊರೊಳಗೆ ನಿಧಾನವಾಗಿ ಹೋಗಿ. ಗಾಡಿಯ ಸೂರಿನ ಮೇಲೆ ಸಡಿಲವಾಗಿ ಕಟ್ಟಿದ ಕಸದ ಚೀಲ ಹರಿದು ಬಿದ್ದರೆ, ನಮ್ಮ ಹಬ್ಬದ ಗಲೀಜು ಅವರ ಅಂಗಳಕ್ಕೆ. ಸುಮ್ನೆ ಯಾರದೋ ಡಬ್ಬಕ್ಕೆ ತುರುಕಿ ಬರುವುದೂ ಬೇಡ. ಗಾಡಿಯೊಳಗೆ ಕಸಕ್ಕೂ ಜಾಗ ಬಿಡಿ, ಮನೆಗೇ ತನ್ನಿ.

ಇನ್ನು ಹೊರಡುವ ಹೊತ್ತು. ಶನಿವಾರ ರಾತ್ರಿ ಮರದ ಮನುಷ್ಯ ಸುಟ್ಟ ಕೂಡಲೇ ಗಾಡಿ ಹತ್ತುವವರಿದ್ದಾರೆ. ದಯವಿಟ್ಟು ಭಾನುವಾರ ರಾತ್ರಿವರೆಗೆ ಇರಿ. ಅಲ್ಲಿ ಟೆಂಪಲ್ ಎನ್ನುವ ಮರದ ಕಟ್ಟಡವಿರುತ್ತದೆ. ತೀರಿಹೋದವರ ಫೋಟೋ, ಪತ್ರ, ಹೆಸರುಗಳನ್ನು ಜನ ವಾರವಿಡೀ ಅದರ ಗೋಡೆಗಳಿಗೆ ಅಂಟಿಸಿರುತ್ತಾರೆ. ಅದನ್ನು ಸುಡುವುದು ಭಾನುವಾರ. ದೂರದೂರಲ್ಲಿದ್ದು ಮನೆಯವರ ಸಾವಿಗೆ ಹೋಗಲಾಗದವರು ನಮ್ಮಲ್ಲಿ ಎಷ್ಟೊಂದು ಜನ ಇದ್ದೇವೆ ಅಲ್ವಾ? ಅಂಥವರು ಅದನ್ನು ತಪ್ಪಿಸಿಕೊಳ್ಳಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಆದರೆ ಮರುದಿನ ಸೋಮವಾರ ಲೇಬರ್ ಡೇ ರಜೆ, ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಟಾರು ರಸ್ತೆ ಸೇರುವುದಕ್ಕೇ ಎಂಟು ಗಂಟೆ ಹಿಡಿಯಬಹುದು, ಕೆಲವು ಸಲ ಜಾಸ್ತಿ. 2023ರಲ್ಲಿ ಮಳೆ ಬಂದು ನೆಲ ಕೆಸರಾಯಿತು, ಗಾಡಿಗಳ ಓಡಾಟವೇ ನಿಂತಿತು. ಇರುವ ನೀರು, ಆಹಾರ ಉಳಿಸಿಕೊಳ್ಳಿ ಎಂದು ಸಂಘಟಕರು ಹೇಳಬೇಕಾಯಿತು. ಎರಡು ದಿನದ ನೀರು, ತಿಂಡಿ ಹೆಚ್ಚುವರಿ ಇರಲಿ. ಪೆಟ್ರೋಲ್ ರಿನೋದಲ್ಲೋ ಫರ್ನ್ಲಿಯಲ್ಲೋ ತುಂಬಿಸಿ. ಪ್ರತಿ ಗಾಡಿಯಲ್ಲೂ ಓಡಿಸಬಲ್ಲವರು ಕನಿಷ್ಠ ಇಬ್ಬರು ಬೇಕು. ಬುಧವಾರದವರೆಗೂ ಆಫೀಸಿಗೆ ರಜೆ ಹಾಕಿ. ಯಾರ ಗಾಡಿಯಲ್ಲಿ ಯಾರು ವಾಪಸ್ ಬರುತ್ತೀರಿ ಅನ್ನೋದನ್ನ ಈ ವಾರವೇ ಗುಂಪಿನಲ್ಲಿ ಬರೆದು ಹಾಕಿ.