ದೋಣಿಗೆ ಕ್ಯಾಬಿನ್ ಕೂರಿಸುವ ಮೊದಲು

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ 30 ಅಡಿಯ ಫೈಬರ್ ದೋಣಿಗೆ ಈ ಸಲದ ಮೀನುಗಾರಿಕೆ ನಿಷೇಧದ ರಜೆಯಲ್ಲಿ ಕ್ಯಾಬಿನ್ ಕೂರಿಸುವ ಯೋಚನೆ ತಿಳಿಯಿತು, ಕಳಿಸಿದ ನಕ್ಷೆಯೂ ಬಂತು. ಬೇಡ ಅನ್ನುವುದಿಲ್ಲ. ರಾತ್ರಿಯಿಡೀ ಬಲೆ ಬಿಟ್ಟು ಕಾಯುವವನಿಗೆ, ಎದುರುಗಾಳಿಯಲ್ಲಿ ಉಪ್ಪುನೀರು ಹೊಡೆಸಿಕೊಂಡು ಬರುವವನಿಗೆ ಒಂದು ಮರೆ ಬೇಕು. ವೈರ್‌ಲೆಸ್ಸು, ಜಿಪಿಎಸ್ಸು ಒಣಗಿರಲಿಕ್ಕಾದರೂ ಬೇಕು. ಆದರೆ ಆ ನಕ್ಷೆಯಲ್ಲಿರುವ ಏಳಡಿ ಎತ್ತರ, ಬಲೆ ಇಡಲೆಂದು ಮಾಡಿದ ಸಮತಟ್ಟಾದ ಮಾಡು, ಅದಕ್ಕೆ ಹತ್ತುವ ಏಣಿ, ಈ ಮೂರನ್ನು ಮೊದಲು ಹೊಡೆದುಹಾಕು. ನಿನ್ನ ದೋಣಿ ಹುಟ್ಟಿದ್ದೇ ಮೇಲೆ ಏನೂ ಇಲ್ಲದೆ. ಈಗ ಏರಿಸುವ ಪ್ರತಿ ಕಿಲೋ ಅದರ ನಿಲುವಿನಿಂದಲೇ ಕಳೆಯುತ್ತದೆ.

ಲೆಕ್ಕ ಕಷ್ಟದ್ದಲ್ಲ. ಎಂಜಿನ್ನು, ಬಲೆ, ಐಸು, ಜನ ಎಲ್ಲ ಸೇರಿ ದೋಣಿ 3,000 ಕಿಲೋ ಇದೆ ಅಂತ ಇಟ್ಟುಕೋ. 150 ಕಿಲೋದ ಕ್ಯಾಬಿನ್ನಿನ ತೂಕದ ನಡು, ದೋಣಿಯ ತೂಕದ ನಡುವಿಗಿಂತ 1.3 ಮೀಟರ್ ಮೇಲಿದ್ದರೆ, 150ನ್ನು 1.3ರಿಂದ ಗುಣಿಸಿ 3,150ರಿಂದ ಭಾಗಿಸು: ಒಟ್ಟು ತೂಕದ ನಡು 6 ಸೆಂಟಿಮೀಟರ್ ಮೇಲೆ ಹೋಯಿತು. ಇಷ್ಟನ್ನು ಒಳ್ಳೆಯ ದೋಣಿ ತಾಳಿಕೊಳ್ಳುತ್ತದೆ. ಆಮೇಲೆ ಮಾಡಿನ ಮೇಲೆ 200 ಕಿಲೋ ಒದ್ದೆ ಬಲೆ ಹಾಕಿದರೆ ಇನ್ನೂ 12 ಸೆಂಟಿಮೀಟರ್. ಅಂದರೆ ಕ್ಯಾಬಿನ್ನಿಗಿಂತ ಅದರ ಮೇಲೆ ಬೀಳುವ ಸಾಮಾನೇ ಎರಡು ಪಾಲು ಕೆಟ್ಟದ್ದು. ಅದಕ್ಕೇ ಮಾಡನ್ನು ಎರಡೂ ಬದಿಗೆ ಚೆನ್ನಾಗಿ ಬಾಗಿಸು, ಕಂಬಿ ಹಾಕಬೇಡ. ಇಡಲು ಜಾಗ ಕಂಡರೆ ಕಲಾಸಿಗಳು ಇಟ್ಟೇ ಇಡುತ್ತಾರೆ, ನೀನು ಎಷ್ಟು ಬೈದರೂ.

ಫೈಬರ್ ಕೆಲಸದ ಅಂಟು, ಅಂದರೆ ರೆಸಿನ್, ತರುವ ಮುಂಚೆ ದೋಣಿಯ ತೂಗಾಟ ಅಳೆ. ಹೊಳೆಯಲ್ಲಿ ಗಾಳಿಯಿಲ್ಲದ ಬೆಳಗು ನೋಡಿ, ಹಗ್ಗ ಸಡಿಲ ಬಿಟ್ಟು, ಕೆಳಗೆ ಸಾಕಷ್ಟು ನೀರಿರುವಲ್ಲಿ ನಿಲ್ಲಿಸು. ತಳದ ನೀರು ಪೂರ್ತಿ ಹೊರಹಾಕು. ಡೀಸೆಲ್ ಟ್ಯಾಂಕು ತುಂಬಿರಲಿ ಇಲ್ಲವೇ ಖಾಲಿ ಇರಲಿ. ಅರ್ಧ ಇದ್ದರೆ ಒಳಗೆ ಎಣ್ಣೆ ಓಡಾಡಿ ಲೆಕ್ಕ ಕೆಡಿಸುತ್ತದೆ. ಇಬ್ಬರು ಬದಿ ತುಳಿದು ತೂಗಿಸಿ, ಆಮೇಲೆ ನಡುವಿಗೆ ಬಂದು ಅಲುಗಾಡದೆ ನಿಲ್ಲಲಿ. ಒಂದು ಬದಿಯ ತುದಿಯಿಂದ ಹೊರಟು ಮತ್ತೆ ಅದೇ ಬದಿಗೆ ಬಂದರೆ ಒಂದು ತೂಗಾಟ. ಹತ್ತು ತೂಗಾಟ ಒಂದೇ ಸಲಕ್ಕೆ ಸಿಗದಿದ್ದರೆ ನಾಲ್ಕೈದರಂತೆ ಬೇರೆ ಬೇರೆ ಸಲ ಹಿಡಿದು ಸರಾಸರಿ ತೆಗೆ.

ಈಗ ಅಳತೆಗೋಲು ಹೇಳುತ್ತೇನೆ. ಒಂದು ತೂಗಾಟದ ಸೆಕೆಂಡು ದೋಣಿಯ ಅಗಲದ ಮೀಟರಿಗಿಂತ ಕಡಿಮೆ ಇದ್ದರೆ ದೋಣಿ ಗಟ್ಟಿಯಾಗಿ ನಿಲ್ಲುತ್ತದೆ. ನಿನ್ನದರ ಅಗಲ 2.4 ಮೀಟರ್; ಹತ್ತಕ್ಕೆ 24 ಸೆಕೆಂಡಿನ ಒಳಗೆ ಬಂದರೆ ಭಯವಿಲ್ಲ. ವಾಲಿದ ದೋಣಿ ಎದ್ದು ನಿಲ್ಲುವ ಬಲದ ಅಳತೆಗೆ ಜಿಎಂ ಅನ್ನುತ್ತಾರೆ; ಮೀನುಗಾರಿಕೆ ದೋಣಿಗೆ ಕನಿಷ್ಠವೆಂದು ಹೇಳುವುದು 35 ಸೆಂಟಿಮೀಟರ್. ನಿನ್ನ ಅಗಲಕ್ಕೆ ಅದು ಹತ್ತು ತೂಗಾಟಕ್ಕೆ ಸುಮಾರು 32 ಸೆಕೆಂಡಿನ ಹತ್ತಿರ ಬರುತ್ತದೆ. ಮೊದಲು ಬರೀ ದೋಣಿಯನ್ನು ಅಳೆ. ಆಮೇಲೆ ಡೆಕ್ಕಿನಿಂದ ಒಂದು ಮೀಟರ್ ಎತ್ತರಕ್ಕೆ ಗಟ್ಟಿ ಅಟ್ಟ ಕಟ್ಟಿ, 50 ಕಿಲೋದ ಮೂರು ಮರಳು ಚೀಲ ಬಿಗಿದು ಮತ್ತೆ ಅಳೆ. ಎರಡನೆಯದು 27–28ರ ಒಳಗಿದ್ದರೆ ಮುಂದುವರಿ. 30 ದಾಟಿದರೆ ಕ್ಯಾಬಿನ್ ಆಸೆ ಬಿಟ್ಟು ಚುಕ್ಕಾಣಿಯ ಮುಂದೆ ಬರೀ ಗಾಜಿನ ಮರೆ, ಮೇಲೊಂದು ಟಾರ್ಪಾಲು ಸಾಕುಮಾಡು. ನಿಧಾನವಾಗಿ ತೂಗುವ ದೋಣಿಯಲ್ಲಿ ಕುಳಿತವನಿಗೆ ಹಾಯೆನಿಸುತ್ತದೆ, ಅದನ್ನೇ ಜನ ಒಳ್ಳೆಯ ದೋಣಿ ಅನ್ನುತ್ತಾರೆ. ಶರಾವತಿ ಅಳಿವೆಯಲ್ಲಿ ಮರಳ ದಿಬ್ಬದ ಮೇಲೆ ಹಿಂದಿನಿಂದ ಅಲೆ ಎತ್ತಿ ಅಡ್ಡ ತಿರುಗಿಸಿದಾಗ ಆ ನಿಧಾನವೇ ಮಗುಚಲು ದಾರಿ. ಬದಿಗೆ ವಾಲಿದ್ದು ಎದ್ದು ನಿಲ್ಲುವ ಮೊದಲೇ ಮುಂದಿನ ಅಲೆ ಬಂದಿರುತ್ತದೆ.

ಜಾಗದ ವಿಷಯ. ಮುಂದೆ ಇಡಬೇಡ. ನೀನು ಬಲೆಯನ್ನು ಮುಂತುದಿಗೆ ಕಟ್ಟಿ ನಿಲ್ಲುವವನು. ಮುಂದಿನ ಗೋಡೆಗೆ ಗಾಳಿ ಹಿಡಿದರೆ ಮೂತಿ ಅತ್ತಿತ್ತ ಓಡುತ್ತದೆ, ಹಿಂದೆ ಹಿಡಿದರೆ ದೋಣಿ ತಾನೇ ಗಾಳಿಗೆ ಮೂತಿ ಕೊಟ್ಟು ನಿಲ್ಲುತ್ತದೆ. ಹಿಂತುದಿಯಿಂದ ಮೂರನೇ ಒಂದು ಭಾಗದಲ್ಲಿ ಇರಲಿ. ಉದ್ದ 1.4, ಅಗಲ 1.3, ಎತ್ತರ ನಿನ್ನ ತಲೆಗಿಂತ ನಾಲ್ಕು ಬೆರಳು ಹೆಚ್ಚು, ಅಂದರೆ 1.85 ಮೀಟರ್ ಸಾಕು. ಎರಡೂ ಬದಿ ಓಡಾಡಲು 55 ಸೆಂಟಿಮೀಟರ್ ಉಳಿಯುತ್ತದೆ. ಇದಕ್ಕಿಂತ ಅಗಲ ಮಾಡಿದರೆ ರಾತ್ರಿ ಬಲೆ ಎಳೆಯುವವರು ಬದಿಯಂಚಿನ ಮೇಲೆ ಕಾಲಿಟ್ಟು ದಾಟುತ್ತಾರೆ. ಈ ಅಳತೆಯ ಬದಿಗೋಡೆಗೇ 40 ನಾಟ್, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್, ಗಾಳಿಯಲ್ಲಿ 70–80 ಕಿಲೋ ತಳ್ಳು ಬೀಳುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ತಳ್ಳು ನಾಲ್ಕರಷ್ಟು.

ಮರಳು ಚೀಲ ಇಳಿಸಿದ ಮೇಲೆ ನಾಲ್ಕು ಬಿದಿರು ನಿಲ್ಲಿಸಿ, ಗೋಡೆಯ ಜಾಗಕ್ಕೆ ರಟ್ಟು ಕಟ್ಟಿ, ಹೊಳೆಯಲ್ಲಿ ಒಂದು ಸುತ್ತು ಹೋಗು. ವೇಗ ಹಿಡಿದಾಗ ಮೂತಿ ಏರಿ ಎದುರಿನ ನೀರನ್ನು ಎಷ್ಟು ಮರೆಮಾಡುತ್ತದೆ, ಬಲೆ ಎಳೆಯುವವರು ನಿನಗೆ ಕಾಣುತ್ತಾರೆಯೇ, ಎಂಜಿನ್ನಿನ ಮುಚ್ಚಳ ತೆರೆಯಲು ಬರುತ್ತದೆಯೇ, ಎಲ್ಲ ಆಗಲೇ ತಿಳಿಯುತ್ತದೆ. ಎಂಜಿನ್ ಎತ್ತುವ ದಿನ ಬಂದೇ ಬರುತ್ತದೆ. ಆವತ್ತು ಕ್ಯಾಬಿನ್ ಕೊಯ್ಯುವಂತಾಗಬಾರದು.

ಆದ್ದರಿಂದ ಅದನ್ನು ಡೆಕ್ಕಿಗೆ ಅಂಟಿಸಿಬಿಡಬೇಡ, ಬೋಲ್ಟಿನಲ್ಲಿ ಕೂರಿಸು. ಡೆಕ್ಕಿನ ಮೇಲೆ 75 ಮಿಲಿಮೀಟರ್ ಎತ್ತರದ ಕಟ್ಟೆ ಎಬ್ಬಿಸಿ, ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ ಕ್ಯಾಬಿನ್ನನ್ನು ಅದರ ಹೊರಗಿನಿಂದ ಇಳಿಸು. ಡೆಕ್ಕಿನ ನೀರು ಎಷ್ಟು ಓಡಾಡಿದರೂ ಸಂದಿಗೆ ಏರುವುದಿಲ್ಲ, ಬೋಲ್ಟು ಅಡ್ಡಕ್ಕೆ ಬರುವುದರಿಂದ ಡೆಕ್ಕಿಗೆ ತೂತೂ ಬೀಳುವುದಿಲ್ಲ. ತುಕ್ಕು ತಾಳುವ 316 ಸ್ಟೀಲಿನ 10 ಮಿಲಿಮೀಟರ್ ಬೋಲ್ಟು, 15 ಸೆಂಟಿಮೀಟರಿಗೆ ಒಂದು, ಒಳಗಡೆ ಅಗಲ ವಾಷರು. ಸಂದಿಗೆ ಪಾಲಿಯುರೆಥೇನ್ ಸೀಲೆಂಟ್ ಹಾಕು. ಸಿಲಿಕೋನ್ ಹತ್ತಿರ ತರಬೇಡ, ಅದು ತಾಗಿದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ರೆಸಿನ್ನೂ ಹಿಡಿಯುವುದಿಲ್ಲ. ಬೋಲ್ಟನ್ನು ಮೊದಲ ದಿನ ಸೀಲೆಂಟ್ ಸ್ವಲ್ಪ ಹೊರಬರುವಷ್ಟೇ ಬಿಗಿ ಮಾಡು, ಗಟ್ಟಿಯಾದ ಮೇಲೆ ಇನ್ನರ್ಧ ಸುತ್ತು. ಒಂದೇ ಸಲಕ್ಕೆ ಬಿಗಿದರೆ ಎಲ್ಲ ಹಿಂಡಿಹೋಗಿ ಸಂದಿ ಒಣಗಿಬಿಡುತ್ತದೆ.

ಕಟ್ಟೆ ಬಿಟ್ಟುಬರುವುದಕ್ಕೆ ಹೆಚ್ಚಾಗಿ ಒಂದೇ ಕಾರಣ: ಹಳೆಯ ಡೆಕ್ಕನ್ನು ಸರಿಯಾಗಿ ಉಜ್ಜದೆ ಇರುವುದು. ಮೇಲಿನ ಬಣ್ಣ, ಜೆಲ್‌ಕೋಟು, ಮೇಣ ಎಲ್ಲ ಹೋಗಿ ಬರೀ ಗಾಜಿನ ನಾರು ಮಂಕಾಗಿ ಕಾಣುವವರೆಗೆ 36 ನಂಬರಿನ ಡಿಸ್ಕಿನಲ್ಲಿ ಗ್ರೈಂಡ್ ಮಾಡಿಸು, 15 ಸೆಂಟಿಮೀಟರ್ ಅಗಲಕ್ಕೆ. ಅಸಿಟೋನಿನಲ್ಲಿ ಒರೆಸಿ, ಆರಿದ ಮೇಲೆ ಕೈಯಿಂದ ಮುಟ್ಟಬಾರದು. ಮೂಲೆಗೆ ರೆಸಿನ್ ಪುಟ್ಟಿ ತುಂಬಿ ಹೆಬ್ಬೆರಳಿನಲ್ಲಿ ಗುಂಡಗೆ ತೀಡಿಸು. ಚೂಪು ಮೂಲೆಯಲ್ಲಿ ಮ್ಯಾಟ್, ಅಂದರೆ ಗಾಜಿನ ನಾರಿನ ಚಾಪೆ, ಕೂರುವುದಿಲ್ಲ, ಒಳಗೆ ಗಾಳಿ ಉಳಿಯುತ್ತದೆ. ಮೊದಲ ಪದರ ಚದರ ಮೀಟರಿಗೆ 450 ಗ್ರಾಮಿನ ಮ್ಯಾಟ್, ಮೇಲೆ 600ರ ರೋವಿಂಗ್ (ನೇಯ್ದ ದಪ್ಪ ನಾರಿನ ಬಟ್ಟೆ), ಮತ್ತೆ ಮ್ಯಾಟ್. ಒಂದಕ್ಕಿಂತ ಒಂದು ಸ್ವಲ್ಪ ಅಗಲ. ರೋವಿಂಗನ್ನು ನೇರ ಹಳೆಯ ಫೈಬರಿನ ಮೇಲೆ ಹಾಕಿದರೆ ಹಪ್ಪಳದಂತೆ ಎದ್ದುಬರುತ್ತದೆ.

ರೆಸಿನ್ ಐಸೋಫ್ತಾಲಿಕ್ ಇರಲಿ, ನೀರು ತಾಳುವ ಜಾತಿ ಅದು. ಮೇ ತಿಂಗಳ ಸೆಕೆಗೆ ಒಂದು ಕಿಲೋಗೆ 10 ಮಿಲಿಲೀಟರ್ ಹಾರ್ಡ್ನರ್, ಅಂದರೆ ಗಟ್ಟಿ ಮಾಡುವ ದ್ರವ, ಸಾಕು. ಬೇಗ ಮುಗಿಯಲೆಂದು ಹೆಚ್ಚು ಸುರಿದರೆ ಬಕೆಟ್ಟಿನಲ್ಲೇ ಹೊಗೆಯೆದ್ದು ಗಡ್ಡೆಯಾಗುತ್ತದೆ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಬೆರೆಸಿದ ರೆಸಿನ್ನೋ ಬೆರೆಸದ್ದೋ ಅಂಗಡಿಯಲ್ಲೇ ಕೇಳು. ಬೆರೆಸದ್ದಾದರೆ ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ತಾಗಿಸಬೇಡ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಹಾರ್ಡ್ನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗುತ್ತದೆ. ಕನ್ನಡಕ ಹಾಕದ ಕೆಲಸದವನನ್ನು ಮನೆಗೆ ಕಳಿಸು.

ಗೋಡೆಗೆ 12 ಮಿಲಿಮೀಟರ್ ಪ್ಲೈವುಡ್ ಬರೆದಿದ್ದೀಯ. ಎರಡೂ ಬದಿ ಮ್ಯಾಟ್ ಸೇರಿದರೆ ಚದರ ಮೀಟರಿಗೆ ಸುಮಾರು 11 ಕಿಲೋ. ಗೋಡೆ, ಮಾಡು ಸೇರಿ 9–10 ಚದರ ಮೀಟರ್. ಅಲ್ಲಿಗೇ 105 ಕಿಲೋ ಆಯಿತು, ಗಾಜು, ಬಾಗಿಲು, ಸಾಮಾನು ಬೇರೆ. ಅದೇ 10 ಮಿಲಿಮೀಟರ್ ಪಿವಿಸಿ ಫೋಮಿಗೆ ಎರಡೂ ಬದಿ ಒಂದು 450, ಒಂದು 300 ಮ್ಯಾಟ್ ಹಾಕಿದರೆ ಚದರ ಮೀಟರಿಗೆ ಆರು ಕಿಲೋ, ಒಟ್ಟು 60ರ ಒಳಗೆ. ಫೋಮು ದುಬಾರಿ, ನಿಜ. ಮಾಡಿಗಾದರೂ ಅದನ್ನೇ ಹಾಕು. ಅತಿ ಎತ್ತರದ ತೂಕ ಅದು. ಪ್ಲೈವುಡ್ ತರುವುದಾದರೆ ಹಲಗೆಯ ಮೇಲೆ ಸಮುದ್ರದ ಕೆಲಸಕ್ಕಾಗುವ ಐಎಸ್ 710 ಮುದ್ರೆ ನೋಡಿ ತಾ. 303 ಬರೆದದ್ದು ಮನೆಯ ಕಪಾಟಿಗೆ. ಪ್ಲೈ ಕೊಳೆಯುವುದು ತೂತಿನಿಂದ. ವೈರ್‌ಲೆಸ್ ಕೂರಿಸುವ ಸಣ್ಣ ಸ್ಕ್ರೂಗೂ ಮೊದಲು ದೊಡ್ಡ ತೂತು ಕೊರೆದು, ರೆಸಿನ್ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಸು.

ಎಲ್ಲರೂ ಮಾಡುವ ಎಡವಟ್ಟು ಕಾಲದ್ದು. ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಆಗ ದೋಣಿ ದಡದಲ್ಲಿ ಖಾಲಿ ಇರುತ್ತದೆ ನಿಜ. ಆದರೆ ನಮ್ಮ ಕರಾವಳಿಯಲ್ಲಿ ರೆಸಿನ್ ಕೆಲಸಕ್ಕೆ ಅದಕ್ಕಿಂತ ಕೆಟ್ಟ ಎರಡು ತಿಂಗಳಿಲ್ಲ. ಗಾಳಿಯ ಪಸೆಗೆ ಮ್ಯಾಟ್ ಬೆಳ್ಳಗಾಗುತ್ತದೆ, ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಗೋಡೆ, ಮಾಡು ಎಲ್ಲವನ್ನೂ ಏಪ್ರಿಲ್, ಮೇನಲ್ಲಿ ಶೆಡ್ಡಿನೊಳಗೆ ಹಲಗೆ ಹಲಗೆಯಾಗಿ ಮಾಡಿಸಿಡು. ಕಟ್ಟೆಯ ಕೆಲಸ ದೋಣಿ ಎಳೆದ ದಿನವೇ, ಮಳೆ ಹಿಡಿಯುವ ಮೊದಲು. ಜೂನಿನಲ್ಲಿ ಬೋಲ್ಟು, ತಂತಿ, ಗಾಜು ಮಾತ್ರ ಉಳಿಯಬೇಕು.

ಮುಂದಿನ ಗಾಜನ್ನು ಮೇಲ್ಭಾಗ ಹೊರಗೆ ಚಾಚುವಂತೆ 10–15 ಡಿಗ್ರಿ ಓರೆ ಇಡು. ಒಳಗಿನ ಜಿಪಿಎಸ್ ಪರದೆಯ ಬೆಳಕು ಆಗ ಕಣ್ಣಿಗೆ ಹೊಡೆಯುವುದಿಲ್ಲ. ಕಾರಿನಂತೆ ಹಿಂದಕ್ಕೆ ಬಾಗಿಸಿದರೆ ನೋಡಲು ಚಂದ, ರಾತ್ರಿ ಕನ್ನಡಿ. ಅಲ್ಲಿಗೆ 6 ಮಿಲಿಮೀಟರ್ ಟಫನ್ಡ್ ಗಾಜು, ಬದಿಗಳಿಗೆ ಅಕ್ರಿಲಿಕ್. ಅಕ್ರಿಲಿಕ್ ಹಗುರ, ಆದರೆ ಬಿಸಿಲಿಗೆ ಮೀಟರಿಗೆ ಎರಡು ಮಿಲಿಮೀಟರ್ ಹಿಗ್ಗುತ್ತದೆ. ಸ್ಕ್ರೂ ತೂತು ಅಷ್ಟು ದೊಡ್ಡದಿರದಿದ್ದರೆ ಮೂಲೆಯಿಂದ ಬಿರುಕು ಬಿಡುತ್ತದೆ. ಕಪ್ಪು ಗಾಜು ಬೇಡವೇ ಬೇಡ.

ಹಿಂದಿನ ಗೋಡೆ ಅರ್ಧ ತೆರೆದೇ ಇರಲಿ. ಬಾಗಿಲಿಟ್ಟರೂ ಹೊರಗೆ ತೆರೆಯಬೇಕು, ಹೊಸ್ತಿಲು 15 ಸೆಂಟಿಮೀಟರ್, ಬದಿಯ ಒಂದು ಕಿಟಕಿ ಮನುಷ್ಯ ನುಸುಳುವಷ್ಟು. ಮಗುಚಿದ ದೋಣಿಯಲ್ಲಿ ಮುಚ್ಚಿದ ಕ್ಯಾಬಿನ್ ಬೋನು. ಲೈಫ್ ಜಾಕೆಟ್ ಒಳಗೆ ಪೇರಿಸಬೇಡ, ಹೊರಗೋಡೆಗೆ ಕಟ್ಟು. ಓಡುವ ದೋಣಿಯಲ್ಲಿ ಕ್ಯಾಬಿನ್ನಿನ ಬೆನ್ನಿಗೆ ಗಾಳಿ ಸುಳಿದು ಸೈಲೆನ್ಸರಿನ ಹೊಗೆಯನ್ನು ಒಳಗೆಳೆಯುತ್ತದೆ. ತಲೆ ಸಿಡಿಯುವುದು ಸಮುದ್ರದ ಕಾಯಿಲೆಯಿಂದ ಅಂದುಕೊಂಡು ಮಲಗಿದವರು ಏಳದೇ ಇದ್ದದ್ದುಂಟು. ಮುಂದಿನ ಗಾಜಿನ ಮೇಲೆ ಮುಚ್ಚಲಾಗದ ಗಾಳಿಕಿಂಡಿ ಬಿಡು, ಹೊಗೆ ಕೊಳವೆಯ ಬಾಯಿಯನ್ನು ಬದಿಗೆ ತಿರುಗಿಸು.

ಚುಕ್ಕಾಣಿಯ ಹಿಡಿ ಬಿಟ್ಟು ಚಕ್ರಕ್ಕೆ ಹೋಗುತ್ತೀಯಾದರೆ ಹೈಡ್ರಾಲಿಕ್ ಒಳ್ಳೆಯದು. ಸಿಲಿಂಡರ್ ಹಿಡಿಯುವ ಎಣ್ಣೆಯ ಸಿಸಿಯನ್ನು ಪಂಪು ಒಂದು ಸುತ್ತಿಗೆ ತಳ್ಳುವ ಸಿಸಿಯಿಂದ ಭಾಗಿಸಿದರೆ ಚುಕ್ಕಾಣಿ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಲು ಬೇಕಾದ ಚಕ್ರದ ಸುತ್ತು ಸಿಗುತ್ತದೆ: 120ಕ್ಕೆ 25 ಹಾಕಿದರೆ ಸುಮಾರು ಐದು ಸುತ್ತು, ಅಷ್ಟೇ ಇರಲಿ. ಅಳಿವೆಯಲ್ಲಿ ಎಂಟು ಸುತ್ತು ತಿರುಗಿಸಲು ಪುರುಸೊತ್ತಿರುವುದಿಲ್ಲ. ಹಳೆಯ ಹಿಡಿಯನ್ನು ಮಾರಬೇಡ; ಎಣ್ಣೆ ಸೋರಿದ ದಿನ ಅದೇ ಗತಿ.

ತಂತಿಯಲ್ಲಿ ಕಂಜೂಸು ಮಾಡಬೇಡ. ವಿಎಚ್‌ಎಫ್ ವೈರ್‌ಲೆಸ್ ಮಾತಾಡುವಾಗ ಆರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಎಂಟು ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ ಹದಿನಾರು, 2.5 ಚದರ ಮಿಲಿಮೀಟರ್ ತಂತಿಯಲ್ಲಿ 0.7 ವೋಲ್ಟ್ ಹೋಗುತ್ತದೆ, 6ರದ್ದರಲ್ಲಿ 0.3. ಬ್ಯಾಟರಿ ಇಳಿದ ರಾತ್ರಿ ಆಪತ್ತಿನ ಕರೆಯ 16ನೇ ಚಾನೆಲ್‌ನಲ್ಲಿ ಕೇಳಿಸುತ್ತದೆ, ಮಾತಾಡಿದರೆ ಸೆಟ್ಟು ಆರಿಹೋಗುತ್ತದೆ, ಅಂದರೆ ಕಾರಣ ಇದೇ. ತವರ ಲೇಪಿಸಿದ ತಾಮ್ರ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಸ್ಪೀಕರು, ವೈಪರ್ ಮೋಟಾರು ದಿಕ್ಸೂಚಿಯಿಂದ ಒಂದು ಮೀಟರ್ ದೂರ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರಿನ ಮೇಲೆ ಆಕಾಶ ಬಯಲಾಗಿರಬೇಕು.

ದೀಪಗಳು ಈಗ ಮಾಡಿನ ಮೇಲೆ ಬರುತ್ತವೆ. ಬಿಳಿಯದು ಬದಿಯ ಕೆಂಪು ಹಸಿರಿಗಿಂತ ಒಂದು ಮೀಟರಾದರೂ ಮೇಲಿರಲಿ. ಬಲೆ ಬಿಟ್ಟಾಗ ಮೇಲೆ ಕೆಂಪು, ಕೆಳಗೆ ಬಿಳಿ, ಸುತ್ತಲೂ ಕಾಣುವಂತೆ. ಹಸಿರು ಮೇಲೆ ಹಾಕಿದರೆ ಹಡಗಿನವರು ನಿನ್ನನ್ನು ಬಲೆ ಎಳೆದುಕೊಂಡು ಓಡುವ ಟ್ರಾಲರ್ ಅಂದುಕೊಳ್ಳುತ್ತಾರೆ, ನಿನ್ನ ಬಲೆ ಎಲ್ಲಿದೆಯೆಂದು ತಪ್ಪು ಲೆಕ್ಕ ಹಾಕುತ್ತಾರೆ.

ಕೆಲಸ ಹಿಡಿಯುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ, ನೋಂದಣಿಯಲ್ಲಿ ಏನು ತಿದ್ದಿಸಬೇಕೆಂದು ಕೇಳು. ವಿಮೆಯವರಿಗೂ ಬರೆದು ಕೊಡು, ಬಾಯಲ್ಲಿ ಹೇಳಿದ್ದು ನಡೆಯುವುದಿಲ್ಲ.

ಎಲ್ಲ ಕೂರಿಸಿದ ಮೇಲೆ ನೀರಿಗಿಳಿಸಿ ಇನ್ನೊಮ್ಮೆ ತೂಗಾಟ ಅಳೆದು, ಆ ಸಂಖ್ಯೆಯನ್ನು ಕ್ಯಾಬಿನ್ನಿನ ಒಳಗೋಡೆಗೆ ಬಣ್ಣದಲ್ಲಿ ಬರೆಸು. ವರ್ಷ ಕಳೆದಂತೆ ಸಾಮಾನು ಏರುತ್ತದೆ. ಪ್ರತಿ ಆಗಸ್ಟಿನಲ್ಲಿ ಅಳೆದು ಗೋಡೆಯ ಸಂಖ್ಯೆಗೆ ಹೋಲಿಸು, ಎರಡು ಸೆಕೆಂಡು ಹೆಚ್ಚಿದರೆ ಏನು ಏರಿದೆಯೆಂದು ಹುಡುಕಿ ಇಳಿಸು. ಸದ್ಯಕ್ಕೆ ಬರೀ ದೋಣಿಯದ್ದೂ ಮರಳು ಚೀಲದ್ದೂ ಅಳೆದು ಎರಡು ಸಂಖ್ಯೆ ನನಗೆ ಫೋನಿನಲ್ಲಿ ಹೇಳು. ಅಲ್ಲಿಯವರೆಗೆ ಫೈಬರಿನವನಿಗೆ ಮುಂಗಡ ಕೊಡಬೇಡ.

ಇಂತಿ,
ನಿನ್ನ ದೊಡ್ಡಪ್ಪ