ಬ್ರಾಂಜ್ ಬಂತು, ಈಗ ಥ್ಯಾಂಕ್ಸ್ ಹೇಳೂ ಪಾಳಿ ನಂದು

ಎಲ್ಲಾರಿಗೂ ನಮಸ್ಕಾರ್ರಿ. ಪ್ಯಾರಾ ಸೈಕ್ಲಿಂಗ್ (ಅಂಗವಿಕಲರ ಸೈಕಲ್ ರೇಸ್) ನ್ಯಾಷನಲ್ಸ್‌ನ್ಯಾಗ ಒಬ್ಬೊಬ್ಬರ ಹೊಂಟು ಗಡಿಯಾರದ ಜೋಡಿ ಹೊಡಿಯೋ ಟೈಮ್ ಟ್ರಯಲ್‌ಗೆ ಬ್ರಾಂಜ್ ಬಂದಮ್ಯಾಲ ಫೋನ್ ನಿಂತೇ ಇಲ್ಲ, ಎಲ್ಲಾರದೂ ಒಂದೇ ಮಾತು, "ನಿನ್ ಧೈರ್ಯ ಭಾಳ ದೊಡ್ಡದವಾ" ಅಂತ. ನಿಮ್ಮ ಪ್ರೀತಿ ತಲಿ ಮ್ಯಾಲ ಹೊತ್ಕೋತೀನಿ. ಆದ್ರ ಧೈರ್ಯ ಇದ್ರಷ್ಟ ಸೈಕಲ್ ಓಡಂಗಿಲ್ರಿ, ಕಾಲು ಪೆಡಲ್ಲಿಗೆ ಸರಿಯಾಗಿ ಕೂಡಬೇಕು, ಅದನ್ನ ಕೂಡಿಸಿಕೊಟ್ಟ ಮಂದಿ ಅದಾರ, ಅವರ ಸಲುವಾಗಿ ಇದನ್ನ ಬರ್ಯಾಕ ಕುಂತೀನಿ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಕಬ್ಬಿನ ಟ್ರ್ಯಾಲಿ ಹಾದು ನನ್ನ ಎಡಗಾಲು ಮೊಣಕಾಲ ಕೆಳಗ ಹೋತು. ಅದರ ಬಗ್ಗೆ ಇಷ್ಟ ಸಾಕು. ನಂದು ಸಿ4 ಕ್ಲಾಸ್. ಎರಡು ಗಾಲಿ ಸೈಕಲ್ ಹೊಡಿಯೋರಿಗೆ ಸಿ1ರಿಂದ ಸಿ5 ತನಕ ಕ್ಲಾಸ್ ಇರ್ತಾವು, ನಂಬರ್ ಕಡಿಮಿ ಇದ್ದಷ್ಟು ತೊಂದ್ರಿ ಜಾಸ್ತಿ ಅಂತ ಅರ್ಥ. ಕೈಲೆ ತಿರುಗಿಸೋ ಹ್ಯಾಂಡ್‌ಸೈಕಲ್ಲಿಗೆ ಎಚ್, ಕಣ್ಣು ಕಾಣದವರು ಮುಂದ ಪೈಲಟ್ ಕೂರಿಸ್ಕೊಂಡು ಹೊಡಿಯೋ ಟ್ಯಾಂಡಮ್ಮಿಗೆ ಬಿ.

ಮೊದಲ ನಮಸ್ಕಾರ ನಮ್ಮ ಕಾಲು ಮಾಡೋ ಟೆಕ್ನಿಷಿಯನ್ ಸರ್‌ಗೆ. ಕ್ಯಾಂಪಿನ್ಯಾಗ ಪುಕ್ಕಟೆ ಸಿಕ್ಕ ಜೈಪುರ ಕಾಲು ನನ್ನ ಎಬ್ಬಿಸಿ ನಿಲ್ಲಿಸ್ತು, ಹೊಲದಾಗ ಅಡ್ಡಾಡಿಸ್ತು, ಅದರ ಋಣ ತೀರೂದಲ್ಲ. ಮುಂದ ಕಾಲೇಜಿನ ಸರ್ರು ಮೇಡಮ್ಮೋರು ಪಟ್ಟಿ ಎತ್ತಿ ಸಿಲಿಕೋನ್ ಲೈನರ್ (ಉಳಿದ ಕಾಲಿಗೆ ಸಾಕ್ಸಿನಂಗ ಹಾಕೋ ಮೆತ್ತನ ಚೀಲ) ಇರೂ ಕಾಲು ಕೊಡ್ಸಿದ್ರು. ಆದ್ರ ಸೈಕಲ್ ಮ್ಯಾಲ ಪೆಡಲ್ ಮ್ಯಾಲಕ ಬಂದಾಗೊಮ್ಮೆ ಮೊಣಕಾಲು ಜಾಸ್ತಿ ಮಡಚ್ತೈತಿ, ಆವಾಗ ಸಾಕೆಟ್ಟಿನ (ಉಳಿದ ಕಾಲು ಕೂಡೋ ಗಟ್ಟಿ ಬಟ್ಟಲ) ಹಿಂದಿನ ಅಂಚು ಚರ್ಮಕ್ಕ ಕೊರದು ಕೊರದು ರಕ್ತ ಬರ್ತಿತ್ತು. ಸರ್ ಏನ್ ಮಾಡಿದ್ರು ಅಂದ್ರ, ಸೈಕಲ್ಲನ್ನ ವರ್ಕ್‌ಶಾಪಿಗೇ ತರಿಸಿ, ಹಿಂದಿನ ಗಾಲಿ ಸ್ಟ್ಯಾಂಡಿಗೆ ಎತ್ತಿ, ನನಗ ತುಳಿ ಅಂತ ಹೇಳಿ ತಾವು ನೆಲಕ್ಕ ಕುಂತ್ರು, ಎಲ್ಲಿ ತಾಗ್ತೈತೋ ಅಲ್ಲಿ ಮಾರ್ಕರ್‌ಲೆ ಗೀಟು ಹಾಕಿದ್ರು, ಗ್ರೈಂಡರ್ ಹಚ್ಚಿ ತಾಸಿದ್ರು, ಮತ್ತ ತುಳಿ ಅಂದ್ರು, ಮತ್ತ ತಾಸಿದ್ರು, ಊಟದ ಹೊತ್ತು ಮೀರಿದ್ರೂ ಎದ್ದಿಲ್ಲ. "ನೋವಿಗೆ ರೂಢಿ ಆಗಬ್ಯಾಡವಾ, ಎಲ್ಲಿ ಚುಚ್ಚತೈತಿ ನನಗ ಹೇಳು" ಅಂದ್ರು. ಆ ಮಾತು ಅಲ್ಲಿ ತನಕ ನನಗ ಯಾರೂ ಹೇಳಿದ್ದಿಲ್ಲ, ಎಲ್ಲಾರೂ ತಡಕೋ ಅಂತನ ಹೇಳ್ತಿದ್ರು.

ಸೈಕಲ್ ಅಂಗಡಿ ಕಾಕಾ, ನಿಮಗೂ ಕೈ ಮುಗೀತೀನಿ. 170 ಮಿಲಿಮೀಟರ್ ಕ್ರ್ಯಾಂಕ್ (ಪೆಡಲ್ ಕೂಡೋ ತೋಳು) ತಗದು ಸಣ್ಣದು ಹಾಕಿದ್ರ ಮೊಣಕಾಲು ಅಷ್ಟು ಮಡಚಂಗಿಲ್ಲ ಅಂತ ಹುಡುಕಿ ತರಿಸಿದವರು ನೀವು, ಕೃತಕ ಪಾದದ ಹರಡು (ಪಾದದ ಕೀಲು) ಬಾಗಂಗಿಲ್ಲ ಅಂತ ಬೂಟನ್ನ ಪೆಡಲ್ಲಿಗೆ ಸಿಗಿಸೋ ಕ್ಲೀಟ್ ಹಿಂದಕ ಸರಿಸಿದವರೂ ನೀವ.

ಇನ್ನ ನಮ್ಮ ಹುಡುಗೂರು. ವಿಜಯಪುರ ಬಾಗಲಕೋಟಿ ಕಡೆ ಸೈಕಲ್ಲಂದ್ರ ಹೆಂಗಂತ ಎಲ್ಲಾರಿಗೂ ಗೊತ್ತೈತಿ, ನಸುಕಿನ್ಯಾಗ ರೋಡಿಗೆ ಇಳಿದ್ರ ನೇಷನಲ್ ಮೆಡಲ್ ಹೊಡದ ಮಕ್ಕಳು ಸಾಲಾಗಿ ಹೊಂಟಿರ್ತಾವು. ಗುಂಪಿನ್ಯಾಗ ಹೊಡಿಯೂ ಮುಂದ ಒಬ್ಬೊಬ್ಬರು ಪಾಳಿ ಮ್ಯಾಲ ಮುಂದ ಹೋಗಿ ಗಾಳಿ ತಡೀಬೇಕು, ಹಿಂದಿನವರಿಗೆ ಆಗ ಹಗುರ. ನನ್ನ ಕಾಯಂ ಹಿಂದ ಇಟ್ಕೋತಾರ ಅಂತ ತಿಳ್ಕೊಂಡಿದ್ದೆ. ಒಂದಿನ ಹಿಂದಿಂದ ಕೂಗಿದ್ರು ನೋಡ್ರಿ, "ಅಕ್ಕಾ, ನಿಂದು ಪಾಳಿ, ಮುಂದ ಬಾ!" ಬ್ರಾಂಜ್ ಬಂದಾಗಿನಕಿಂತ ಅವತ್ತ ನನಗ ಖುಷಿ ಜಾಸ್ತಿ ಆಗಿತ್ತು. ಬ್ಯಾಸಗಿಯಾಗ ಲೈನರ್ ಒಳಗ ಬೆವರು ತುಂಬಿ ಕಾಲು ಜಾರ್ತೈತಿ, ಕಿಲೋಮೀಟರ್ ಕಲ್ಲಿನ ಮ್ಯಾಲ ಕುಂತು ಕಾಲು ತಗದು, ಬೆವರು ಚೆಲ್ಲಿ, ಒರಸಿ ಮತ್ತ ಹಾಕೋಬೇಕು, ಆ ಹುಡುಗೂರು ಟವೆಲ್ ಕೊಟ್ಟು ತಮ್ಮ ಮಾತು ತಾವು ಆಡ್ಕೋತ ನಿಂತಿರ್ತಾವು. ಅಯ್ಯೋ ಪಾಪ ಅಂದಿಲ್ಲ ಒಂದಿನಾನೂ.

ಪ್ಯಾರಾಲಿಂಪಿಕ್ಸ್‌ನ್ಯಾಗ ಸೈಕ್ಲಿಂಗ್ 1984ರಿಂದ ಐತಿ, ನಮ್ಮ ದೇಶದವರು ಮೊದಲ ಸಲ ಅದಕ್ಕ ನಿಂತಿದ್ದು 2024ರ ಪ್ಯಾರಿಸ್‌ನ್ಯಾಗ, ಅರ್ಷದ್ ಶೇಖ್, ಜ್ಯೋತಿ ಗಡೇರಿಯಾ. ಜ್ಯೋತಿ ಅಕ್ಕಾ ಸ್ಟಾರ್ಟಿಗೆ ನಿಂತಿದ್ದ ನೋಡೇ ನಾ ಕೋಚ್ ಸರ್‌ಗೆ ನ್ಯಾಷನಲ್ಸ್‌ಗೆ ಹೋಗ್ತೀನಿ ಅಂದಿದ್ದು. ಇಬ್ಬರಿಗೂ ದೊಡ್ಡ ಥ್ಯಾಂಕ್ಸ್.

ಅವ್ವಾ, ದಿನಾ ರಾತ್ರಿ ನನ್ನ ಲೈನರ್ ತೊಳದು ನೆರಳಾಗ ಒಣಾಕೋದು ನೀನ, ನಿನಗ ಏನಂತ ಹೇಳ್ಲಿ.

ನಮ್ಮ ಕಡೆ ಕಾಲು ಕಳಕೊಂಡ ಹುಡುಗೂರು ಯಾರರ ಇದ್ರ, ಸೈಕಲ್ ಹೊಡಿಯೂ ಮನಸಿದ್ರ ನನಗ ಮೆಸೇಜ್ ಹಾಕ್ರಿ. ಸರ್ ಕಡೆ ನಾನ ಕರ್ಕೊಂಡು ಹೋಗ್ತೀನಿ, ಬರೂ ಮುಂದ ಸೈಕಲ್ ತಗೊಂಡ ಬರ್ರಿ.