ಬಸ್ಸಿನ ನಕ್ಷೆಗೆ ದೊಡ್ಡ ಆ್ಯಪ್ ಬೇಕಿಲ್ಲ, ಮಾಹಿತಿ ಬೇಕು

ಸಂಪಾದಕರಿಗೆ ನಮಸ್ಕಾರ.

ನಮ್ಮ ಅಮ್ಮನ ಫೋನು ಹಳೆಯದು. ಹೊಸ ಆ್ಯಪ್ ಹಾಕಬೇಕೆಂದರೆ ಮೊಮ್ಮಗಳ ಫೋಟೊ ಅಳಿಸಬೇಕು, ಅದಕ್ಕೆ ಅವರು ಒಪ್ಪುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಂಗಳೂರಿನಲ್ಲಿ ಅವರ ಓಡಾಟ ಜಾಸ್ತಿಯಾಗಿದೆ, ಎಲ್ಲವೂ ಬಸ್ಸಿನಲ್ಲೇ. ಅವರಿಗೆ ಬೇಕಾಗಿರುವುದು ಇಷ್ಟೇ: ಈ ನಂಬರಿನ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು ಎಂದು ತೋರಿಸುವ ಒಂದು ನಕ್ಷೆ. ಲಾಗಿನ್ ಬೇಡ, ಒಟಿಪಿ ಬೇಡ.

ನಾನು ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದೇನೆ. ಇಂಥ ನಕ್ಷೆ ಮಾಡುವುದು ಒಂದೆರಡು ಭಾನುವಾರದ ಕೆಲಸ, ಮಾಹಿತಿ ಸರಿಯಾಗಿ ಕೈಗೆ ಸಿಕ್ಕರೆ.

ಬಸ್ಸು, ರೈಲುಗಳ ಮಾಹಿತಿಯನ್ನು ಹೀಗೆ ಕೊಡುವುದಕ್ಕೆಂದೇ ಜಿಟಿಎಫ್‌ಎಸ್ ಎಂಬ ಒಂದು ನಮೂನೆ ಇದೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ ಶುರು ಮಾಡಿದ್ದು, ಈಗ ಜಗತ್ತಿನ ತುಂಬ ಬಳಕೆಯಲ್ಲಿದೆ. ಹೆಸರು ಕೇಳಿ ಗಾಬರಿ ಬೇಡ, ಬರೀ ಟೆಕ್ಸ್ಟ್ ಫೈಲುಗಳು. ಒಂದರಲ್ಲಿ ಸ್ಟಾಪುಗಳ ಹೆಸರು, ಅಕ್ಷಾಂಶ, ರೇಖಾಂಶ. ಇನ್ನೊಂದರಲ್ಲಿ ರೂಟುಗಳು. ಮತ್ತೊಂದರಲ್ಲಿ ಯಾವ ಬಸ್ಸು ಯಾವ ಸ್ಟಾಪಿಗೆ ಎಷ್ಟು ಹೊತ್ತಿಗೆ ಎಂಬ ಪಟ್ಟಿ. ಈ ಕೊನೆಯದೇ ಎಲ್ಲಕ್ಕಿಂತ ಭಾರ, ಆದರೆ ದಾರಿ ತೋರಿಸುವ ನಕ್ಷೆಗೆ ಅದನ್ನು ಫೋನಿಗೆ ಕಳಿಸುವ ಅಗತ್ಯವೇ ಇಲ್ಲ. ಅಕ್ಷಾಂಶ, ರೇಖಾಂಶದಲ್ಲಿ ದಶಾಂಶದ ಆಚೆ ಐದು ಅಂಕಿ ಇಟ್ಟುಕೊಂಡರೆ ಸ್ಟಾಪಿನ ಜಾಗ ಸುಮಾರು ಒಂದು ಮೀಟರ್‌ವರೆಗೆ ಸರಿಯಾಗಿರುತ್ತದೆ, ಉಳಿದ ಅಂಕಿಗಳು ಸುಮ್ನೆ ಹೊರೆ. ಬಸ್ಸಿನ ದಾರಿಯನ್ನು ನಕ್ಷೆಯಲ್ಲಿ ಬಿಂದುಗಳನ್ನು ಜೋಡಿಸಿ ಎಳೆಯುತ್ತಾರೆ, ನೇರ ರಸ್ತೆಗೆ ನೂರು ಬಿಂದು ಕೊಟ್ಟಿದ್ದರೂ ಎರಡು ಸಾಕು. ನಕ್ಷೆ ತೋರಿಸುವ ಲೀಫ್ಲೆಟ್ ಎಂಬ ಉಚಿತ ಸಲಕರಣೆ 42 ಕೆಬಿ ಆಸುಪಾಸು, ಅಂದರೆ ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕಿಂತ ಚಿಕ್ಕದು. ರಸ್ತೆಗಳ ಮಾಹಿತಿ ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯಲ್ಲಿದೆ, ಅವರ ಹೆಸರು ಹಾಕಿದರೆ ಯಾರು ಬೇಕಾದರೂ ಬಳಸಬಹುದು. ಒಮ್ಮೆ ತೆರೆದ ಪುಟವನ್ನು ಫೋನಿನಲ್ಲೇ ಉಳಿಸಿಡುವ ಹಾಗೂ ಮಾಡಬಹುದು, ಆಮೇಲೆ ನೆಟ್‌ವರ್ಕ್ ಇಲ್ಲದ ಕಡೆಯೂ ತೆರೆಯುತ್ತದೆ.

ಕನ್ನಡದ ವಿಷಯ ನನಗೆ ಇನ್ನೂ ಮುಖ್ಯ. ಜಿಟಿಎಫ್‌ಎಸ್‌ನಲ್ಲಿ ಬೇರೆ ಭಾಷೆಯ ಹೆಸರುಗಳಿಗೆಂದೇ ಒಂದು ಫೈಲಿದೆ. ಸ್ಟಾಪಿನ ಹೆಸರನ್ನು ಅಲ್ಲಿ ಯೂನಿಕೋಡ್ ಕನ್ನಡದಲ್ಲಿ, ಅಂದರೆ ಈಗಿನ ಫೋನುಗಳಲ್ಲಿ ಸರಿಯಾಗಿ ಕಾಣುವ ಕನ್ನಡದಲ್ಲಿ ಕೊಟ್ಟರೆ ನಕ್ಷೆಯಲ್ಲಿ ಕನ್ನಡದಲ್ಲೇ ಹುಡುಕಬಹುದು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಕೊಟ್ಟರೆ ಮಾತ್ರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಮೊದಲು ಅದನ್ನು ಬದಲಾಯಿಸಬೇಕು. ಇನ್ನೊಂದು, ಜನ ‘ಮೆಜೆಸ್ಟಿಕ್’ ಎಂದೇ ಹುಡುಕುತ್ತಾರೆ, ‘ಕೆಂಪೇಗೌಡ ಬಸ್ ನಿಲ್ದಾಣ’ ಎಂದಲ್ಲ. ಎರಡೂ ಸಿಗಬೇಕು, ಅಲ್ವಾ?

ಇದೇನು ಹೊಸ ಬೇಡಿಕೆಯಲ್ಲ. ಕೊಚ್ಚಿ ಮೆಟ್ರೊ 2018ರಲ್ಲೇ ತನ್ನ ಮಾಹಿತಿಯನ್ನು ಹೀಗೆ ತೆರೆದಿಟ್ಟಿತು. ಅದೇ ವರ್ಷ ದೆಹಲಿ ಸರ್ಕಾರ ಐಐಐಟಿ ದೆಹಲಿಯ ಜೊತೆ ಸೇರಿ ಬಸ್ಸುಗಳ ಮಾಹಿತಿ ಕೊಡುವ ತಾಣ ತೆರೆಯಿತು. ನಮ್ಮೂರಲ್ಲೂ ಆಸಕ್ತರು ತಾವೇ ಕಲೆಹಾಕಿದ ಮಾಹಿತಿ ಇದೆ, ಅವರ ಶ್ರಮ ದೊಡ್ಡದು. ಆದರೆ ರೂಟು ಬದಲಾದಾಗ, ಸ್ಟಾಪು ರಸ್ತೆಯ ಆ ಬದಿಯಿಂದ ಈ ಬದಿಗೆ ಹೋದಾಗ ಅದು ಮೊದಲು ಗೊತ್ತಾಗುವುದು ಬಸ್ ಓಡಿಸುವ ನಿಗಮಕ್ಕೆ. ಆದ್ದರಿಂದ ಮಾಹಿತಿ ಅಲ್ಲಿಂದಲೇ ಬರಬೇಕು, ಮತ್ತು ಬರುತ್ತಲೇ ಇರಬೇಕು. ಒಂದು ಸಲ ಕೊಟ್ಟು ಮರೆತುಬಿಟ್ಟರೆ ತಪ್ಪು ನಕ್ಷೆ ಹಿಡಿದ ಯಾರೋ ಒಬ್ಬರು ಬಿಸಿಲಲ್ಲಿ ಬರದ ಬಸ್ಸಿಗೆ ಕಾಯುತ್ತಾರೆ.

ಬಿಎಂಟಿಸಿ ಮಾತ್ರವಲ್ಲ, ಮೈಸೂರಿನ ನಗರ ಸಾರಿಗೆ, ಹುಬ್ಬಳ್ಳಿ-ಧಾರವಾಡದ ಬಸ್ಸುಗಳು, ನಮ್ಮ ಮೆಟ್ರೊ, ಎಲ್ಲರಿಗೂ ನನ್ನ ಕೋರಿಕೆ ಒಂದೇ. ಅರ್ಜಿ, ಪಾಸ್‌ವರ್ಡ್ ಇಲ್ಲದೆ ಡೌನ್‌ಲೋಡ್ ಮಾಡಿಕೊಳ್ಳುವಂಥ ಒಂದು ಫೈಲನ್ನು ನಿಮ್ಮ ಜಾಲತಾಣದಲ್ಲಿಡಿ, ರೂಟು ಬದಲಾದಾಗಲೆಲ್ಲ ಹೊಸದು ಹಾಕಿ, ಮೇಲೆ ತಾರೀಖು ಬರೆಯಿರಿ. ನಕ್ಷೆಯನ್ನು ನಾವು ಮಾಡಿಕೊಳ್ಳುತ್ತೇವೆ.

– ಒಬ್ಬ ಬಸ್ ಪ್ರಯಾಣಿಕ, ಬೆಂಗಳೂರು